ಟೋಪಿಯ ಪಿನ್ನಿನಿಂದ ಇಂಜೆಕ್ಟರಿನವರೆಗೆ

ಪಂಪು ಹೊಡೆದು ಹೊತ್ತಿಸುವ ಸೀಮೆಯೆಣ್ಣೆ ಸ್ಟೋವಿನಲ್ಲಿ ಅಡಿಗೆ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ಒಂದು ಮಾತು ಕೇಳಿ ನೋಡಿರಿ. ಸ್ಟೋವು ಭುಸುಗುಟ್ಟುವುದನ್ನು ಬಿಟ್ಟು, ಹಳದಿ ಉರಿ ಕಾರಿ, ಪಾತ್ರೆಯ ತಳಕ್ಕೆಲ್ಲ ಮಸಿ ಹಿಡಿಸತೊಡಗಿದರೆ ಆಗ ಏನು ಮಾಡುತ್ತಿದ್ದಿರಿ? ಪಿನ್ನು ಹಾಕುತ್ತಿದ್ದೆವು ಎಂದೇ ಅವರು ಹೇಳುವರು. ತಗಡಿನ ಹಿಡಿಯ ತುದಿಯಲ್ಲಿ ಕೂದಲೆಳೆಯಂಥ ತಂತಿ. ಅದನ್ನು ಸ್ಟೋವಿನ ಕಣ್ಣಿಗೆ ಒಮ್ಮೆ ಚುಚ್ಚಿ ತೆಗೆದರೆ ನೀಲಿ ಉರಿ ಮರಳಿ ಬರುತ್ತಿತ್ತು. ಎಣ್ಣೆ ಬದಲಾಗಲಿಲ್ಲ, ಸ್ಟೋವು ಬದಲಾಗಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರವೊಂದು ಕಟ್ಟಿತ್ತು, ಅಷ್ಟೆ.

ನಿಮ್ಮ ಮನೆಯ ಮುಂದೆ ನಿಂತಿರುವ ಕಾರಿನ ಎಂಜಿನಿನಲ್ಲಿಯೂ ಇಂಥ ರಂಧ್ರಗಳಿವೆ. ನಾಲ್ಕು ಸಿಲಿಂಡರಿನ ಕಾರಾದರೆ ಸಾಮಾನ್ಯವಾಗಿ ನಾಲ್ಕು ಇಂಜೆಕ್ಟರುಗಳು, ಒಂದೊಂದರ ತುದಿಯಲ್ಲಿಯೂ ಕೆಲವು ಸೂಕ್ಷ್ಮ ರಂಧ್ರಗಳು. ಅವು ಕಟ್ಟಿದರೂ ಎಂಜಿನು ಸ್ಟೋವಿನ ಹಾಗೆಯೇ ಕೆಮ್ಮುತ್ತದೆ, ಹೊಗೆಯಾಡುತ್ತದೆ, ಎಣ್ಣೆ ಹೆಚ್ಚು ಕುಡಿಯುತ್ತದೆ. ಆದರೆ ಈ ರಂಧ್ರಕ್ಕೆ ಪಿನ್ನು ಹಾಕುವ ಹಾಗಿಲ್ಲ. ಏಕೆ ಹಾಕುವ ಹಾಗಿಲ್ಲ, ಹಾಕದೆ ಅದನ್ನು ಕಾಪಾಡಿಕೊಳ್ಳುವುದು ಹೇಗೆ, ಎಂದು ಕಿತ್ತು ಬೇರೆಯದನ್ನು ಹಾಕಿಸಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಇಂಜೆಕ್ಟರಿನ ಚರಿತ್ರೆಯಲ್ಲಿಯೇ ಅಡಗಿದೆ. ಈ ಚರಿತ್ರೆಯನ್ನು ತಿಳಿದ ಗೃಹಸ್ಥನು ಗ್ಯಾರೇಜಿನಲ್ಲಿ ಅನಗತ್ಯವಾಗಿ ಹಣ ತೆರುವುದು ಕಡಿಮೆ.

ಮೋಟಾರು ಕಾರಿನ ಮೊದಲನೆಯ ದೂರ ಪ್ರಯಾಣದಲ್ಲಿಯೇ ಪಿನ್ನಿಗೆ ಕೆಲಸ ಬಿದ್ದಿತು. 1888ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಎಂಬ ಎಂಜಿನಿಯರನ ಪತ್ನಿ ಬೆರ್ಟಾ ಬೆಂಜ್, ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಅವನು ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ ಮಾನ್‌ಹೈಮ್ ಪಟ್ಟಣದಿಂದ ತನ್ನ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟಳು. ದೂರ ನೂರು ಕಿಲೋಮೀಟರಿಗೂ ಹೆಚ್ಚು. ದಾರಿಯಲ್ಲಿ ಪೆಟ್ರೋಲ್ ಬಂಕುಗಳಿರಲಿಲ್ಲ. ವೀಸ್‌ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನೇ ಆಕೆ ಕೊಂಡು ಎಂಜಿನಿಗೆ ಹಾಕಿದಳು. ಮುಂದೆ ಇಂಧನದ ಕೊಳವೆ ಕಟ್ಟಿತು. ಟೋಪಿಗೆ ಸಿಕ್ಕಿಸಿದ್ದ ಉದ್ದನೆಯ ಪಿನ್ನನ್ನು ತೆಗೆದು, ಕೊಳವೆಯನ್ನು ಚುಚ್ಚಿ ಬಿಡಿಸಿ, ಪ್ರಯಾಣ ಮುಂದುವರಿಸಿದಳು. ಇಂಧನದ ದಾರಿ ಕಟ್ಟಿದರೆ ಗಾಡಿ ನಿಲ್ಲುವುದು, ದಾರಿ ಬಿಡಿಸಿದರೆ ಓಡುವುದು ಎಂಬ ಪಾಠ ಅಂದಿಗೇ ಕಲಿತಂತಾಯಿತು.

ಆ ಕಾಲದ ಎಂಜಿನಿಗೆ ಅಳತೆಯ ಚಿಂತೆ ಹೆಚ್ಚಾಗಿರಲಿಲ್ಲ. ತೊಟ್ಟಿಯಲ್ಲಿ ನಿಂತ ಇಂಧನದ ಮೇಲೆ ಗಾಳಿ ಹಾದುಹೋಗುವಾಗ ಎದ್ದಷ್ಟು ಆವಿಯನ್ನು ಎಳೆದುಕೊಂಡು ಅದು ಓಡುತ್ತಿತ್ತು. 1893ರಲ್ಲಿ ವಿಲ್ಹೆಲ್ಮ್ ಮೈಬಾಖ್ ಎಂಬ ಮತ್ತೊಬ್ಬ ಜರ್ಮನ್ ಎಂಜಿನಿಯರು ಇಂಧನವನ್ನು ಸಣ್ಣ ಮೂತಿಯಿಂದ ತುಂತುರಾಗಿ ಚಿಮ್ಮಿಸುವ ಕಾರ್ಬುರೇಟರನ್ನು ರೂಪಿಸಿದನು. ಮದುವೆಯ ಮನೆಯ ಬಾಗಿಲಲ್ಲಿ ಪನ್ನೀರುದಾನಿಯನ್ನು ನೀವು ನೋಡಿದ್ದೀರಿ. ಒಂದೇ ಚಮಚ ಪನ್ನೀರನ್ನು ಅಂಗೈಗೆ ಸುರಿದರೆ ಒಬ್ಬರಿಗೇ ಮುಗಿಯುತ್ತದೆ; ಪನ್ನೀರುದಾನಿಯಿಂದ ಚಿಮುಕಿಸಿದರೆ ಹತ್ತು ಜನಕ್ಕೆ ಸಾಕಾಗುತ್ತದೆ. ಪೆಟ್ರೋಲಿನ ಸಂಗತಿಯೂ ಹಾಗೆಯೇ. ಹನಿ ಎಷ್ಟು ಸಣ್ಣದಾದರೆ ಗಾಳಿಯೊಡನೆ ಅಷ್ಟು ಚೆನ್ನಾಗಿ ಬೆರೆಯುತ್ತದೆ, ಅಷ್ಟು ಪೂರ್ತಿಯಾಗಿ ಉರಿಯುತ್ತದೆ.

ಈ ಕಾರ್ಬುರೇಟರು ಮುಂದೆ ಮುಕ್ಕಾಲು ಶತಮಾನಕ್ಕೂ ಮೀರಿ ಪೆಟ್ರೋಲ್ ಕಾರುಗಳನ್ನು ಆಳಿತು. ನಮ್ಮ ಅಂಬಾಸಿಡರು, ಪ್ರೀಮಿಯರ್ ಪದ್ಮಿನಿ, 1983ರಲ್ಲಿ ಬಂದ ಮಾರುತಿ 800 ಎಲ್ಲವೂ ಅದನ್ನೇ ನಂಬಿ ರಸ್ತೆಗಿಳಿದುವು. ಅದಕ್ಕೆ ವಿದ್ಯುತ್ತು ಬೇಡ, ಗಣಕ ಬೇಡ. ಎಂಜಿನು ಗಾಳಿಯನ್ನು ಎಳೆಯುವ ರಭಸಕ್ಕೆ ಪೆಟ್ರೋಲು ತಾನಾಗಿ ಮೇಲೆದ್ದು ಬರುತ್ತದೆ. ಕೆಟ್ಟರೆ ದಾರಿಯಲ್ಲೇ ಬಿಚ್ಚಿ, ಜೆಟ್ಟನ್ನು ಬಾಯಿಂದ ಊದಿ, ಮತ್ತೆ ಕೂರಿಸಬಹುದು. ಆದರೆ ಅದಕ್ಕೊಂದು ಹುಟ್ಟುಗುಣದ ಕೊರತೆಯಿತ್ತು. ಒಂದೇ ಕಡೆ ಬೆರೆಸಿದ ಮಿಶ್ರಣ ನಾಲ್ಕು ಕವಲಾಗಿ ನಾಲ್ಕು ಸಿಲಿಂಡರಿಗೆ ಹರಿಯಬೇಕು. ಪಂಕ್ತಿಯ ಕೊನೆಯಲ್ಲಿ ಕುಳಿತವರಿಗೆ ಪಾಯಸ ಸಾಲದೆ ಬರುವಂತೆ ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಹಿಂದುಳಿದ ಸಿಲಿಂಡರಿಗೂ ಸಾಕಾಗಲೆಂದು ಎಲ್ಲಕ್ಕೂ ಒಂದಿಷ್ಟು ಹೆಚ್ಚಾಗಿಯೇ ಬಡಿಸಬೇಕಾಗುತ್ತಿತ್ತು. ಆ ಹೆಚ್ಚಿನದು ಉರಿಯದೆ ಹೊಗೆಯಾಗಿ ಬೀದಿಗೆ ಹೋಗುತ್ತಿತ್ತು.

ಸಿಲಿಂಡರಿಗೊಂದು ಚಿಮ್ಮುಗೊಳವೆ ಎಂಬ ಕಲ್ಪನೆ ಬೆಳೆದದ್ದು ಪೆಟ್ರೋಲ್ ಕಾರಿನಲ್ಲಲ್ಲ, ಡೀಸೆಲ್ ಎಂಜಿನಿನಲ್ಲಿ. ಅಲ್ಲಿ ಅದು ಅನಿವಾರ್ಯವಾಗಿತ್ತು. ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1897ರಲ್ಲಿ ಔಗ್ಸ್‌ಬುರ್ಗಿನಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನಿಗೆ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದರೆ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುವುದನ್ನು ನೀವು ಮುಟ್ಟಿ ಬಲ್ಲಿರಿ. ಹಾಗೆ ಕಾದ ಗಾಳಿಯೊಳಕ್ಕೆ ಸರಿಯಾದ ಕ್ಷಣದಲ್ಲಿ ಎಣ್ಣೆಯನ್ನು ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಅಷ್ಟು ಒತ್ತಡದ ಒಳಕ್ಕೆ ಎಣ್ಣೆಯನ್ನು ನುಗ್ಗಿಸುವುದು ಹೇಗೆ? ಡೀಸೆಲ್ ಇನ್ನೂ ಹೆಚ್ಚು ಒತ್ತಡದ ಗಾಳಿಯಿಂದ ಅದನ್ನು ಊದಿಸಿದನು. ಅದಕ್ಕೆ ಬೇಕಾದ ಗಾಳಿಯ ಯಂತ್ರವೇ ಭಾರಿಯಾಗಿ, ಎಂಜಿನು ಕಾರ್ಖಾನೆ ಮತ್ತು ಹಡಗುಗಳಲ್ಲಿ ಉಳಿಯಿತೇ ಹೊರತು ರಸ್ತೆಯ ಗಾಡಿಗೆ ಏರಲಿಲ್ಲ.

ಗಾಳಿಯ ಸಹಾಯವಿಲ್ಲದೆ ಬರಿಯ ಎಣ್ಣೆಯನ್ನೇ ಒತ್ತಿ ಚಿಮ್ಮಿಸುವ ಪಂಪು ಬೇಕಾಗಿತ್ತು. ಸ್ಟುಟ್‌ಗಾರ್ಟ್ ನಗರದಲ್ಲಿ 1886ರಲ್ಲಿ ಒಂದು ಸಣ್ಣ ಕಾರ್ಯಾಗಾರದಿಂದ ಆರಂಭಿಸಿದ್ದ ರಾಬರ್ಟ್ ಬಾಷ್‌ನ ಕಂಪನಿ 1922ರಲ್ಲಿ ಈ ಕೆಲಸಕ್ಕೆ ಕೈಹಾಕಿ, 1927ರಲ್ಲಿ ಪಂಪುಗಳನ್ನು ಸಾಲಾಗಿ ತಯಾರಿಸತೊಡಗಿತು. ಈ ಪಂಪಿನ ಒಳಗಿನ ದಂಡಕ್ಕೂ ಅದರ ಗೂಡಿಗೂ ನಡುವೆ ಉಳಿಯುವ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಇಷ್ಟು ಬಿಗಿಯಾದ ಜೋಡಣೆಗೆ ಮರಳಿನ ಒಂದು ಕಣವೂ ಶತ್ರು. ಆದ್ದರಿಂದ ಇಂಜೆಕ್ಟರು ಹುಟ್ಟಿದಂದಿನಿಂದಲೂ ಅದರ ಜೊತೆಗೆ ಸೋಸುವ ಫಿಲ್ಟರು ಅವಳಿಯಂತೆ ಬಂದಿದೆ. 1936ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಡೀಸೆಲ್ ಕಾರು ಕಾಣಿಸಿಕೊಂಡಾಗ ಇಂಜೆಕ್ಟರು ಮನೆಮಂದಿ ಕುಳಿತು ಓಡಾಡುವ ಕಾರಿನೊಳಕ್ಕೆ ಕಾಲಿಟ್ಟಿತು.

ಈ ವಿದ್ಯೆ ನಮ್ಮ ನಾಡಿಗೆ ಬಂದದ್ದೂ ಡೀಸೆಲ್ಲಿನ ದಾರಿಯಿಂದಲೇ. 1951ರಲ್ಲಿ ಬಾಷ್ ಕಂಪನಿಯ ಸಹಯೋಗದಿಂದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆಯಿತು. ಮೈಕೋ ಎಂದರೆ ಎಲ್ಲರಿಗೂ ತಿಳಿಯುವುದು. ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಇಂಜೆಕ್ಷನ್ನಿನ ಸಾಮಾನು ಅದರ ಮುಖ್ಯ ತಯಾರಿಕೆ. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದಾಯಿತು. ಆದರೂ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರಿನಲ್ಲಿ ಹಳೆಯ ನೆನಪು ಉಳಿದಿದೆ. ಲಾರಿ, ಬಸ್ಸು, ಟ್ರ್ಯಾಕ್ಟರು, ಹೊಲದ ಪಂಪುಸೆಟ್ಟುಗಳ ಜೊತೆಗೆ ಈ ಸಾಮಾನು ಊರೂರಿಗೆ ಹೋಯಿತು. ಅದರ ಹಿಂದೆಯೇ ಪಂಪು ಕ್ಯಾಲಿಬ್ರೇಷನ್ ಎಂಬ ಹಲಗೆ ಹೊತ್ತ ಅಂಗಡಿಗಳು ಹುಟ್ಟಿದುವು. ಅಲ್ಲಿನ ಮೇಸ್ತ್ರಿ ನಾಝಲನ್ನು ಕೈಪಂಪಿನ ಪರೀಕ್ಷಾಯಂತ್ರಕ್ಕೆ ಸಿಕ್ಕಿಸಿ ಹಿಡಿಯನ್ನು ಒತ್ತುತ್ತಾನೆ. ಎಷ್ಟು ಒತ್ತಡಕ್ಕೆ ಬಾಯಿ ತೆರೆಯಿತು, ತುಂತುರು ಸಮನಾಗಿ ಹರಡಿತೇ, ಒತ್ತಡ ಬಿಟ್ಟಮೇಲೆ ತುದಿಯಲ್ಲಿ ಹನಿ ನಿಂತಿತೇ ಎಂದು ನೋಡುತ್ತಾನೆ. ಅದು ಕಿರುಗುಟ್ಟುವ ಸದ್ದನ್ನೂ ಕೇಳುತ್ತಾನೆ. ಮೊದಲು ಅಳೆದು ನೋಡುವುದು, ಆಮೇಲೆ ತೀರ್ಪು ಕೊಡುವುದು ಆ ಅಂಗಡಿಯ ಧರ್ಮ. ಈ ಮಾತನ್ನು ನೆನಪಿನಲ್ಲಿಡಿರಿ. ಮುಂದೆ ಪೆಟ್ರೋಲ್ ಕಾರಿನ ವಿಷಯದಲ್ಲಿ ಇದೇ ಬೇಕಾಗುತ್ತದೆ.

ಪೆಟ್ರೋಲ್ ಎಂಜಿನಿಗೆ ಇಂಜೆಕ್ಟರಿನ ಅಗತ್ಯವನ್ನು ಮನಗಾಣಿಸಿದ್ದು ಆಕಾಶದ ಯುದ್ಧ. 1940ರಲ್ಲಿ ಇಂಗ್ಲೆಂಡಿನ ಮೇಲೆ ನಡೆದ ವಿಮಾನಯುದ್ಧದಲ್ಲಿ ಜರ್ಮನಿಯ ಮೆಸರ್‌ಶ್ಮಿಟ್ 109 ವಿಮಾನದ ಡೈಮ್ಲರ್ ಬೆಂಜ್ ಎಂಜಿನಿಗೆ ಪೆಟ್ರೋಲ್ ಇಂಜೆಕ್ಷನ್ ಇತ್ತು. ಬ್ರಿಟಿಷರ ಸ್ಪಿಟ್‌ಫೈರಿನ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನಿಗೆ ಕಾರ್ಬುರೇಟರಿತ್ತು. ವಿಮಾನ ಥಟ್ಟನೆ ಮೂಗು ಬಾಗಿಸಿ ಕೆಳಕ್ಕೆ ಧುಮುಕಿದಾಗ ಕಾರ್ಬುರೇಟರಿನ ಬಟ್ಟಲಿನೊಳಗಿನ ಪೆಟ್ರೋಲು ಮೇಲಕ್ಕೆ ಚಿಮ್ಮಿ, ಎಂಜಿನು ಮೊದಲು ಹಸಿದು, ಮರುಕ್ಷಣ ಪೆಟ್ರೋಲಿನಲ್ಲಿ ಮುಳುಗಿ ಉಸಿರುಗಟ್ಟುತ್ತಿತ್ತು. ಬೆನ್ನಟ್ಟಿದ ಸ್ಪಿಟ್‌ಫೈರಿನಿಂದ ಪಾರಾಗಲು ಜರ್ಮನ್ ಚಾಲಕನು ಹೀಗೆ ಧುಮುಕಿದರೆ ಸಾಕಾಗಿತ್ತು. ಫಾರ್ನ್‌ಬರೋದ ಸರ್ಕಾರಿ ವಿಮಾನ ಸಂಶೋಧನಾಲಯದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರು ಇದಕ್ಕೆ ಉಪಾಯ ಕಂಡುಹಿಡಿದಳು. ಎಂಜಿನಿಗೆ ಗರಿಷ್ಠ ಎಷ್ಟು ಪೆಟ್ರೋಲು ಬೇಕೋ ಅಷ್ಟೇ ಹರಿಯುವಂತೆ ರಂಧ್ರ ಕೊರೆದ ಒಂದು ಪುಟ್ಟ ಲೋಹದ ಬಿಲ್ಲೆಯನ್ನು ಇಂಧನದ ದಾರಿಯಲ್ಲಿ ಕೂರಿಸಿದಳು. 1941ರಲ್ಲಿ ಆಕೆ ತನ್ನ ತಂಡದೊಡನೆ ವಿಮಾನ ನಿಲ್ದಾಣಗಳಿಗೆ ಹೋಗಿ ಅವುಗಳನ್ನು ಅಳವಡಿಸಿದಳು. ವಿಮಾನ ಚಾಲಕರ ಜೀವ ಒಂದು ರಂಧ್ರದ ಅಳತೆಯನ್ನು ಅವಲಂಬಿಸಿದ್ದ ಕಾಲ ಅದು. ರಂಧ್ರ ಕೊಂಚ ಹಿರಿದಾದರೆ ಬಿಲ್ಲೆ ವ್ಯರ್ಥ. ಕೊಂಚ ಕಿರಿದಾದರೆ ಎಂಜಿನಿಗೆ ಉಪವಾಸ.

ಯುದ್ಧ ಮುಗಿದ ಬಳಿಕ ಈ ವಿದ್ಯೆ ನೆಲಕ್ಕಿಳಿಯಿತು. 1950ರ ದಶಕದ ಆರಂಭದಲ್ಲಿ ಜರ್ಮನಿಯ ಗುಟ್‌ಬ್ರೋಡ್ ಮತ್ತು ಗೋಲಿಯಾತ್ ಎಂಬ ಎರಡು ಸಣ್ಣ ಕಾರುಗಳಿಗೆ ಪೆಟ್ರೋಲ್ ಇಂಜೆಕ್ಷನ್ ಬಂದಿತು. 1954ರಲ್ಲಿ ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲುಗಳ ಮರ್ಸಿಡಿಸ್ 300 ಎಸ್‌ಎಲ್ ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡಿತು. ಅದರ ಪಂಪು ಎಂಜಿನಿಗೆ ನೇರವಾಗಿ ಕಟ್ಟಿದ್ದ ಯಾಂತ್ರಿಕ ಪಂಪು. ಕೀಲಿ ತಿರುಗಿಸಿ ಕಿಡಿಯನ್ನು ನಿಲ್ಲಿಸಿದ ಮೇಲೂ ಎಂಜಿನು ಪೂರ್ತಿ ನಿಲ್ಲುವವರೆಗೆ ಅದು ಪೆಟ್ರೋಲನ್ನು ಒಳಕ್ಕೆ ಚಿಮ್ಮುತ್ತಲೇ ಇರುತ್ತಿತ್ತು. ಉರಿಯದ ಆ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು, ಕೆಳಗಿನ ಎಂಜಿನ್ ಆಯಿಲ್ಲಿಗೆ ಸೇರಿ ಅದನ್ನು ತೆಳುಮಾಡುತ್ತಿತ್ತು. ಇಂದಿಗೂ ಇಂಜೆಕ್ಟರು ಮುಚ್ಚಿಕೊಳ್ಳದೆ ಸೋರಿದರೆ ಆಗುವ ಅನರ್ಥ ಇದೇ. ಆಯಿಲ್ ನೋಡುವ ಕಡ್ಡಿಯನ್ನು ಎಳೆದಾಗ ಪೆಟ್ರೋಲಿನ ವಾಸನೆ ಹೊಡೆದರೆ ಅದನ್ನು ಅಲಕ್ಷಿಸಬಾರದು.

ಇಂಜೆಕ್ಟರಿಗೆ ಕಣ್ಣೂ ಮಿದುಳೂ ಬೇಕು, ಅದನ್ನು ವಿದ್ಯುತ್ತಿನಿಂದ ಆಳಬೇಕು ಎಂದು ಅಮೆರಿಕದ ಬೆಂಡಿಕ್ಸ್ ಕಂಪನಿ ಯೋಚಿಸಿತು. 1958ರ ಮಾದರಿಯ ಕೆಲವು ಕ್ರೈಸ್ಲರ್ ಕಾರುಗಳಿಗೆ ಅದರ ಎಲೆಕ್ಟ್ರಾನಿಕ್ ಇಂಜೆಕ್ಷನ್ನನ್ನು ಕೂರಿಸಿ ಮಾರಿದರು. ಆ ಕಾಲದ ಎಲೆಕ್ಟ್ರಾನಿಕ್ ಬಿಡಿಭಾಗಗಳು ಬಾನೆಟ್ಟಿನ ಕೆಳಗಿನ ಬಿಸಿಲು, ತೇವ, ಅದುರಾಟಗಳನ್ನು ತಡೆಯಲಾರದೆ ಹೋದುವು. ಅವುಗಳಲ್ಲಿ ಬಹುಪಾಲು ಕಾರುಗಳಿಗೆ ಕಾರ್ಬುರೇಟರನ್ನೇ ಮರಳಿ ಕೂರಿಸಬೇಕಾಯಿತು. ಕಲ್ಪನೆ ಸರಿಯಾಗಿತ್ತು, ಕಾಲ ಕೂಡಿಬಂದಿರಲಿಲ್ಲ. ಬೆಂಡಿಕ್ಸಿನ ಪೇಟೆಂಟುಗಳ ಹಕ್ಕು ಮುಂದೆ ಬಾಷ್ ಕಂಪನಿಗೆ ದೊರೆಯಿತು.

ಕಾಲ ಕೂಡಿಬಂದದ್ದು ಲಾಸ್ ಏಂಜಲೀಸ್ ನಗರದ ಹೊಗೆಯಿಂದ. ಆ ಊರಿನಲ್ಲಿ ಹಗಲಿನಲ್ಲಿ ಕಂದುಬಣ್ಣದ ಮಬ್ಬು ಕವಿದು ಜನರ ಕಣ್ಣು ಉರಿಯುತ್ತಿತ್ತು. ಕಾರಣವೇನೆಂದು 1950ರ ದಶಕದ ಮೊದಲಲ್ಲಿ ಆರಿ ಹಾಗೆನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞನು ತೋರಿಸಿಕೊಟ್ಟನು. ಕಾರುಗಳಿಂದ ಉರಿಯದೆ ಹೊರಬಿದ್ದ ಪೆಟ್ರೋಲಿನ ಆವಿ, ಸಾರಜನಕದ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ಬೆರೆತು ಈ ವಿಷದ ಮಬ್ಬಾಗುತ್ತದೆ. ಕಾರ್ಬುರೇಟರು ಬಡಿಸಿದ ಹೆಚ್ಚಿನ ಪಾಯಸ ಎಲ್ಲಿಗೆ ಹೋಗುತ್ತಿತ್ತೆಂಬುದು ಆಗ ಜನಕ್ಕೆ ತಿಳಿಯಿತು. ಕ್ಯಾಲಿಫೋರ್ನಿಯ ಹೊಗೆಗೆ ಮಿತಿ ವಿಧಿಸಿತು. ಅಲ್ಲಿಗೆ ಕಾರು ಕಳುಹಿಸುತ್ತಿದ್ದ ಫೋಕ್ಸ್‌ವ್ಯಾಗನ್ ಕಂಪನಿ 1967ರಲ್ಲಿ ತನ್ನ 1600 ಕಾರಿಗೆ ಬಾಷ್‌ನ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ನನ್ನು ಅಳವಡಿಸಿತು. ಸಾವಿರಾರು ಸಂಸಾರಗಳು ಕೊಳ್ಳಬಹುದಾದ ಕಾರಿಗೆ ಎಲೆಕ್ಟ್ರಾನಿಕ್ ಇಂಜೆಕ್ಟರು ಬಂದದ್ದು ಹೀಗೆ. ಮನೆಯ ರೇಡಿಯೋವಿನಲ್ಲಿ ಕವಾಟಗಳ ಜಾಗಕ್ಕೆ ಬಂದ ಟ್ರಾನ್ಸಿಸ್ಟರೇ ಕಾರಿನ ಪೆಟ್ರೋಲನ್ನು ಅಳೆಯುವ ಪೆಟ್ಟಿಗೆಯನ್ನೂ ಸಾಧ್ಯವಾಗಿಸಿತು. 1976ರಲ್ಲಿ ವೋಲ್ವೋ ಕಾರಿನ ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಮೂಸಿನೋಡುವ ಸೆನ್ಸರು ಬಂದಿತು. ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಯಿತೇ ಕಡಿಮೆಯಾಯಿತೇ ಎಂಬ ವರದಿಯನ್ನು ಅದು ಓಡುತ್ತಿರುವಾಗಲೇ ಪೆಟ್ಟಿಗೆಗೆ ಮುಟ್ಟಿಸುತ್ತದೆ. ಒಂದು ತೂಕ ಪೆಟ್ರೋಲಿಗೆ ಸುಮಾರು 14.7 ತೂಕ ಗಾಳಿ ಎಂಬುದು ಪೂರ್ತಿ ಉರಿಯುವ ಹದ. ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಈ ಹದದ ಆಸುಪಾಸಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ.

ನಮ್ಮ ದೇಶದಲ್ಲಿ ಇದೇ ಕಥೆ ತಡವಾಗಿ, ಆದರೆ ತ್ವರೆಯಾಗಿ ನಡೆಯಿತು. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸವಿಲ್ಲದ ಪೆಟ್ರೋಲೂ ಹೊಸ ಕಾರುಗಳಿಗೆ ಕನ್ವರ್ಟರೂ ಬಂದುವು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ದೆಹಲಿ ಪ್ರದೇಶದ ಹೊಸ ಕಾರುಗಳಿಗೆ ಯೂರೋಪಿನ ಮಟ್ಟದ ಹೊಗೆಯ ಮಿತಿಯನ್ನು ಕಡ್ಡಾಯಗೊಳಿಸಿತು. 2000ದಲ್ಲಿ ದೇಶಕ್ಕೆಲ್ಲ ಸೀಸದ ಪೆಟ್ರೋಲು ನಿಂತು, ಹೊಸ ಮಿತಿ ಜಾರಿಗೆ ಬಂದಿತು. ಆ ವರ್ಷಗಳಲ್ಲಿ ಕಾರುಗಳ ಬೆನ್ನ ಮೇಲೆ ಎಂ.ಪಿ.ಎಫ್.ಐ. ಎಂಬ ಅಕ್ಷರಗಳು ಬಿರುದಿನಂತೆ ಕಾಣಿಸಿಕೊಂಡದ್ದು ನಿಮಗೆ ನೆನಪಿರಬಹುದು. ಸಿಲಿಂಡರಿಗೊಂದು ಇಂಜೆಕ್ಟರು ಎಂದೇ ಅದರ ಅರ್ಥ. 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮ ಈ ಅಳತೆಯನ್ನು ಇನ್ನೂ ಬಿಗಿಮಾಡಿತು.

ಈಗ ಆ ಇಂಜೆಕ್ಟರನ್ನೇ ಒಮ್ಮೆ ನೋಡೋಣ. ಬೆರಳಿನ ಗಾತ್ರದ ಕವಚ. ಒಳಗೆ ತಂತಿಯ ಸುರುಳಿ, ಒಂದು ಸೂಜಿ, ಸೂಜಿಯನ್ನು ಒತ್ತಿ ಹಿಡಿದ ಸ್ಪ್ರಿಂಗು. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಅದರ ಹಿಂದೆ ಪೆಟ್ರೋಲು ವಾಯುಮಂಡಲದ ಸುಮಾರು ಮೂರು ಪಟ್ಟು ಒತ್ತಡದಲ್ಲಿ ಕಾದು ನಿಂತಿರುತ್ತದೆ. ಪೆಟ್ಟಿಗೆಯಿಂದ ವಿದ್ಯುತ್ತು ಹರಿದಾಗ ಸುರುಳಿ ಅಯಸ್ಕಾಂತವಾಗಿ ಸೂಜಿಯನ್ನು ಒಂದು ಕೂದಲೆಳೆಯಷ್ಟು ಎತ್ತುತ್ತದೆ, ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲು ಕಾಲ ಪೆಟ್ರೋಲು ತುಂತುರಾಗಿ ಹೋಗುತ್ತದೆ, ಮತ್ತೆ ಮುಚ್ಚುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಎರಡೂವರೆ ಗಂಟೆಯ ಪ್ರಯಾಣವೆಂದೂ, ಎಂಜಿನು ನಿಮಿಷಕ್ಕೆ 2,500 ಸುತ್ತು ತಿರುಗುವುದೆಂದೂ ಇಟ್ಟುಕೊಂಡು ಲೆಕ್ಕ ಹಾಕಿರಿ. ಒಂದೊಂದು ಇಂಜೆಕ್ಟರೂ 1,87,500 ಸಲ ಬಾಯಿ ತೆರೆದು ಮುಚ್ಚಿರುತ್ತದೆ. ದೂರ 140 ಕಿಲೋಮೀಟರು, ಮೈಲೇಜು ಲೀಟರಿಗೆ 16 ಎಂದಾದರೆ, ಒಂದು ಸಲ ಚಿಮ್ಮುವ ಪೆಟ್ರೋಲು ಒಂದು ಲೀಟರನ್ನು ಸುಮಾರು 85,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇದನ್ನು ಅಳೆದು ಕೊಡುವ ರಂಧ್ರಕ್ಕೆ ಪಿನ್ನು ಚುಚ್ಚಿದರೇನಾದೀತು? ಕಸ ಹೋಗಬಹುದು, ಜೊತೆಗೆ ಅಳತೆಯೂ ಹೋಗುತ್ತದೆ. ಸ್ಟೋವಿನ ಕಣ್ಣು ಬರಿಯ ದಾರಿಯಾಗಿತ್ತು. ಇಂಜೆಕ್ಟರಿನ ಕಣ್ಣು ಅಳತೆಯ ಪಾವು. ಪಾವಿನ ಅಂಚನ್ನು ಅರದಿಂದ ಉಜ್ಜಿದರೆ ಅಂಗಡಿಯ ಲೆಕ್ಕ ಉಳಿಯುವುದಿಲ್ಲ.

ಹಾಗಾದರೆ ಅದು ಕಟ್ಟುವುದೇಕೆ? ಓಡುವಾಗಿಗಿಂತ ನಿಂತ ಮೇಲೆ ಕಟ್ಟುವುದೇ ಹೆಚ್ಚು. ಬಿಸಿಯಾದ ಎಂಜಿನನ್ನು ನಿಲ್ಲಿಸಿದಾಗ ಇಂಜೆಕ್ಟರಿನ ತುದಿಯಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶ ಆರಿಹೋಗಿ, ಅಂಟಾದ ಅಂಶ ಒಣಗಿ ಅರಗಿನಂತೆ ಹಿಡಿಯುತ್ತದೆ. ತರಕಾರಿಗೆಂದು ಹತ್ತು ಹೆಜ್ಜೆ, ಶಾಲೆಗೆಂದು ಹತ್ತು ಹೆಜ್ಜೆ ಓಡಿ ನಿಲ್ಲುವ ಪೇಟೆಯ ಕಾರಿಗೆ ಇದು ಹೆಚ್ಚು. 1980ರ ದಶಕದಲ್ಲಿ ಅಮೆರಿಕದಲ್ಲಿ ಇಂಜೆಕ್ಟರಿನ ಕಾರುಗಳು ಹರಡುತ್ತಿದ್ದಂತೆ ಈ ಬಗೆಯ ಅಂಟು ಊರೆಲ್ಲದ ದೂರಾಯಿತು. ಮದ್ದನ್ನು ಪೆಟ್ರೋಲಿನಲ್ಲಿಯೇ ಇಡಬೇಕೆಂದು ಕಂಡುಕೊಂಡರು. ಅಂಟನ್ನು ಕರಗಿಸುವ ಮಾರ್ಜಕವನ್ನು ಪೆಟ್ರೋಲಿಗೆ ಸೇರಿಸಲೇಬೇಕೆಂದು ಅಲ್ಲಿ 1995ರಿಂದ ಕಾನೂನಾಯಿತು.

ಈ ಚರಿತ್ರೆಯಿಂದ ನೀವು ಕಲಿಯಬಹುದಾದ ಮೊದಲ ಪಾಠ, ಇಂಜೆಕ್ಟರಿನ ಆರೈಕೆ ಟ್ಯಾಂಕಿನಿಂದ ಆರಂಭವಾಗುತ್ತದೆ ಎಂಬುದು. ಚೆನ್ನಾಗಿ ವ್ಯಾಪಾರ ನಡೆಯುವ, ನಂಬಿಕೆಯ ಬಂಕಿನಲ್ಲಿಯೇ ಹಾಕಿಸಿರಿ. ಟ್ಯಾಂಕು ತಳ ಕಾಣುವವರೆಗೆ ಓಡಿಸಬೇಡಿರಿ. ಅನೇಕ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಿಂದಲೇ ತಂಪಾಗುತ್ತದೆ. ಫಿಲ್ಟರನ್ನು ಕಾರಿನ ಜೊತೆಗೆ ಬಂದ ಪುಸ್ತಕ ಹೇಳಿದ ಅವಧಿಗೆ ಬದಲಾಯಿಸಿರಿ. ಡೀಸೆಲ್ ಕಾರಾದರೆ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ತೆಗೆಸುವುದನ್ನು ಮರೆಯಬೇಡಿರಿ. ತಿಂಗಳುಗಟ್ಟಲೆ ಕಾರು ನಿಲ್ಲುವುದಾದರೆ ಹಳಸಿದ ಪೆಟ್ರೋಲು ಕಾಟ ಕೊಡುತ್ತದೆ. 2025ರ ಹೊತ್ತಿಗೆ ನಮ್ಮಲ್ಲಿ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲು ಬೆರೆಯತೊಡಗಿತು. ಎಥನಾಲು ತೇವವನ್ನು ಸೆಳೆದುಕೊಳ್ಳುವ ಸ್ವಭಾವದ್ದು. ನಿಮ್ಮ ಕಾರು ಹಳೆಯದಾಗಿದ್ದರೆ ಅದರ ರಬ್ಬರು ಕೊಳವೆ ಮತ್ತು ಬಳೆಗಳ ಸ್ಥಿತಿಯನ್ನು ವರ್ಷಕ್ಕೊಮ್ಮೆಯಾದರೂ ನೋಡಿಸಿರಿ.

ಎರಡನೆಯ ಪಾಠ, ಆಡುಗೋಡಿಯ ವಿದ್ಯೆಯ ಹಿಂದೆ ಹುಟ್ಟಿದ ಅಂಗಡಿಗಳಿಂದ ಕಲಿಯಬೇಕಾದದ್ದು: ಅಳೆಯದೆ ಕಿತ್ತುಹಾಕಬೇಡ. ಕಾರು ನಿಂತಲ್ಲೇ ಅದುರುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಪಿಕಪ್ ಇಲ್ಲ, ಮೈಲೇಜು ಇಳಿಯಿತು, ಎಂಜಿನಿನ ಹಳದಿ ದೀಪ ಹತ್ತಿತು ಎಂದೊಡನೆ ನಾಲ್ಕು ಇಂಜೆಕ್ಟರೂ ಹೋಗಿವೆ ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಾಳಿರಿ. ಸವೆದ ಪ್ಲಗ್ಗು, ಕೆಟ್ಟ ಕಾಯಿಲು, ಕಟ್ಟಿದ ಏರ್ ಫಿಲ್ಟರು, ಬಿರಿದ ಗಾಳಿಕೊಳವೆ, ದಣಿದ ಪಂಪು ಇವೆಲ್ಲ ಇದೇ ಲಕ್ಷಣ ತೋರುತ್ತವೆ. ಜ್ವರವೊಂದೇ ಆದರೂ ರೋಗ ಹಲವು. ಮೊದಲು ಸ್ಕ್ಯಾನರು ಹಾಕಿಸಿ ಪೆಟ್ಟಿಗೆ ಬರೆದಿಟ್ಟ ದೂರನ್ನು ಓದಿಸಿರಿ. ಬಲ್ಲ ಮೆಕ್ಯಾನಿಕ್ಕು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ತಾಗಿಸಿ ಹಿಡಿಗೆ ಕಿವಿಯಿಟ್ಟು ಟಿಕ್ ಟಿಕ್ ಸದ್ದು ಇದೆಯೇ ಎಂದು ಕೇಳುತ್ತಾನೆ. ಸದ್ದಿಲ್ಲದಿದ್ದರೆ ಸುರುಳಿಯ ತಡೆಯನ್ನು ಮೀಟರಿನಿಂದ ಅಳೆಯುತ್ತಾನೆ. ಅನೇಕ ಪೆಟ್ರೋಲ್ ಕಾರುಗಳಲ್ಲಿ ಅದು 12ರಿಂದ 16 ಓಮ್‌ವರೆಗೆ ಇರಬೇಕು. ನಾಲ್ಕರಲ್ಲಿ ಒಂದು ಮಾತ್ರ ಬೇರೆಯಾಗಿದ್ದರೆ ಅಪರಾಧಿ ಸಿಕ್ಕಂತೆ.

ವಿದ್ಯುತ್ತು ಸರಿಯಿದ್ದು ತುಂತುರು ಕೆಟ್ಟಿದೆಯೆಂದು ಕಂಡರೆ ಇಂಜೆಕ್ಟರುಗಳನ್ನು ತೆಗೆಸಿ ಪರೀಕ್ಷಾಯಂತ್ರಕ್ಕೆ ಹಾಕಿಸಿರಿ. ಸೂಕ್ಷ್ಮ ಶಬ್ದದ ಅಲೆಗಳಿಂದ ದ್ರವದಲ್ಲಿ ತೊಳೆದು, ನಾಲ್ಕು ಗಾಜಿನ ಕೊಳವೆಗಳಲ್ಲಿ ನಾಲ್ಕರ ಹರಿವನ್ನು ಪಕ್ಕಪಕ್ಕದಲ್ಲಿ ತೋರಿಸುವ ಯಂತ್ರಗಳು ಪೇಟೆಗಳಲ್ಲಿವೆ. ತೊಳೆಯುವ ಮುಂಚೆ ಮತ್ತು ತೊಳೆದ ಮೇಲೆ ಆ ಕೊಳವೆಗಳನ್ನು ನಿಮ್ಮ ಕಣ್ಣಿಂದಲೇ ನೋಡಿರಿ. ನಾಲ್ಕೂ ಸಮಮಟ್ಟಕ್ಕೆ ತುಂಬಿದರೆ ಹೊಸದನ್ನು ಕೊಳ್ಳುವ ಕಾರಣವಿಲ್ಲ. ಟ್ಯಾಂಕಿಗೆ ಸುರಿಯುವ ಕ್ಲೀನರು ಹಗುರವಾದ ಅಂಟಿಗೆ ಉಪಯೋಗವಾದೀತು. ಸುಟ್ಟ ಸುರುಳಿಗೂ ಸೋರುವ ಸೂಜಿಗೂ ಅದರಿಂದ ಏನೂ ಆಗದು.

ತೊಳೆದರೂ ಮಟ್ಟ ಸಮನಾಗದಿದ್ದರೆ, ಸುರುಳಿ ಸುಟ್ಟಿದ್ದರೆ, ಮುಚ್ಚಿದ ಮೇಲೂ ತುದಿಯಲ್ಲಿ ಹನಿ ಜಿನುಗಿದರೆ ಬದಲಾಯಿಸಲೇಬೇಕು. ಸೋರುವ ಇಂಜೆಕ್ಟರು ಆಯಿಲ್ಲನ್ನು ಕೆಡಿಸುವುದಲ್ಲದೆ ಬೆಲೆಬಾಳುವ ಕನ್ವರ್ಟರನ್ನೂ ಸುಡುತ್ತದೆ. ಅದೇ ಪಾರ್ಟ್ ನಂಬರಿನದನ್ನೇ ಹಾಕಿಸಿರಿ. ಅಳತೆ ಬೇರೆಯಾದರೆ ಪಂಕ್ತಿಭೇದ ಮತ್ತೆ ಆರಂಭವಾಗುತ್ತದೆ. ಕೆಲಸದ ಕ್ರಮ ಹೀಗಿರಬೇಕು: ಎಂಜಿನು ಪೂರ್ತಿ ತಣ್ಣಗಾಗಲಿ, ಪಂಪಿನ ಫ್ಯೂಸು ತೆಗೆದು ಎಂಜಿನನ್ನು ತಾನೇ ನಿಲ್ಲುವವರೆಗೆ ಓಡಿಸಿ ಕೊಳವೆಯ ಒತ್ತಡ ಇಳಿಸಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಲಿ, ಸುತ್ತಲಿನ ಧೂಳನ್ನು ಒರೆಸಿದ ಮೇಲೆಯೇ ಇಂಜೆಕ್ಟರನ್ನು ಎಳೆಯಲಿ. ಹಳೆಯ ಓ-ರಿಂಗುಗಳನ್ನು ಮತ್ತೆ ಹಾಕಬಾರದು. ಹೊಸದಕ್ಕೆ ಶುದ್ಧವಾದ ಆಯಿಲ್ಲನ್ನು ತೆಳ್ಳಗೆ ಸವರಿ ಕೂರಿಸಬೇಕು. ಕೊನೆಗೆ ಎಂಜಿನು ಸ್ಟಾರ್ಟ್ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ, ಪಂಪು ಒತ್ತಡ ಕೊಟ್ಟಾಗ ಎಲ್ಲಿಯಾದರೂ ಸೋರುವುದೇ ಎಂದು ಟಾರ್ಚು ಹಾಕಿ ನೋಡಬೇಕು. ಹತ್ತಿರದಲ್ಲಿ ಬೀಡಿ, ಬೆಂಕಿ, ಕಿಡಿ ಯಾವುದೂ ಇರಕೂಡದು.

ಇಷ್ಟೆಲ್ಲ ಹೇಳಿದ್ದು ಸಾಮಾನ್ಯ ಪೆಟ್ರೋಲ್ ಕಾರಿಗೆ. 1996ರಲ್ಲಿ ಜಪಾನಿನ ಮಿಟ್ಸುಬಿಷಿ ಗ್ಯಾಲಂಟ್ ಕಾರಿನಿಂದ ಮೊದಲಾಗಿ ಹರಡಿದ, ಸಿಲಿಂಡರಿನೊಳಕ್ಕೇ ಚಿಮ್ಮುವ ಪೆಟ್ರೋಲ್ ಎಂಜಿನುಗಳಲ್ಲಿಯೂ, 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಿಂದ ಮೊದಲಾದ ಕಾಮನ್ ರೈಲ್ ಡೀಸೆಲ್ ಎಂಜಿನುಗಳಲ್ಲಿಯೂ ಒತ್ತಡ ಇದಕ್ಕಿಂತ ಬಹುಪಾಲು ಹೆಚ್ಚು. ಆ ಡೀಸೆಲ್ ಕಾರಿನಲ್ಲಿ ಅದು ವಾಯುಮಂಡಲದ ಸಾವಿರ ಪಟ್ಟನ್ನೂ ಮೀರುತ್ತದೆ. ಅಂಥ ಕೊಳವೆ ಸೋರುತ್ತಿದೆಯೇ ಎಂದು ಬೆರಳು ಹಿಡಿದು ನೋಡುವುದು ಅಪಾಯ; ಸೂಜಿಯಂಥ ಧಾರೆ ಚರ್ಮವನ್ನು ತೂರಿ ಒಳಕ್ಕೆ ಹೋಗುತ್ತದೆ. ಹಾಗಾದರೆ ಗಾಯ ಎಷ್ಟು ಚಿಕ್ಕದಾಗಿ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಅನೇಕ ಕಾಮನ್ ರೈಲ್ ಇಂಜೆಕ್ಟರುಗಳ ಮೇಲೆ ಒಂದು ಸಂಕೇತ ಕೆತ್ತಿರುತ್ತದೆ. ಹೊಸದನ್ನು ಹಾಕಿದಾಗ ಅದನ್ನು ಕಾರಿನ ಪೆಟ್ಟಿಗೆಗೆ ತಿಳಿಸಬೇಕು. ಈ ಕೆಲಸವನ್ನು ಸಲಕರಣೆ ಇರುವವರ ಕೈಗೇ ಬಿಡಿರಿ.

ಬೆರ್ಟಾ ಬೆಂಜಳ ಕಾಲದಲ್ಲಿ ಗಾಡಿ ಕೆಟ್ಟರೆ ಓಡಿಸುವವನೇ ಸರಿಮಾಡಿಕೊಳ್ಳುತ್ತಿದ್ದನು. ಇಂದು ಆ ಸ್ವಾತಂತ್ರ್ಯ ಬಹುಮಟ್ಟಿಗೆ ಹೋಗಿದೆ. ಅದಕ್ಕೆ ಪ್ರತಿಯಾಗಿ ನಮಗೆ ದೊರೆತದ್ದು ಕಡಿಮೆ ಹೊಗೆ, ಹೆಚ್ಚು ಮೈಲೇಜು, ಚಳಿಯ ಬೆಳಗಿನಲ್ಲಿಯೂ ಒಂದೇ ಸಲಕ್ಕೆ ಹೊರಡುವ ಎಂಜಿನು. ಬೀದಿಯಲ್ಲಿ ಆಡುವ ಮಕ್ಕಳ ಉಸಿರನ್ನು ನೆನೆದರೆ ಈ ವಿನಿಮಯದಲ್ಲಿ ನಷ್ಟವಿಲ್ಲ. ಆದರೆ ಕೈಯಿಂದ ಸರಿಮಾಡುವ ಸ್ವಾತಂತ್ರ್ಯ ಹೋದಮಾತ್ರಕ್ಕೆ ಕೇಳಿ ತಿಳಿಯುವ ಸ್ವಾತಂತ್ರ್ಯವನ್ನೂ ಬಿಟ್ಟುಕೊಡಬೇಕಾಗಿಲ್ಲ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ, ಇಂಜೆಕ್ಟರು ಬದಲಾಯಿಸಬೇಕೆಂಬ ಮಾತು ಬಂದರೆ, ಅಳತೆ ತೋರಿಸಿ ಎಂದು ಕೇಳಿರಿ. ಕೆಲಸ ಬಲ್ಲ ಮೆಕ್ಯಾನಿಕ್ಕು ಆ ಮಾತಿಗೆ ಬೇಸರಪಡುವುದಿಲ್ಲ. ತನ್ನ ವಿದ್ಯೆಯ ಬೆಲೆ ತಿಳಿದವರು ಬಂದರೆಂದು ಸಂತೋಷದಿಂದಲೇ ಗಾಜಿನ ಕೊಳವೆಗಳನ್ನು ತೋರಿಸುವನು.